ಶುಭಂ ಆದ ಮೇಲಿನ ಹಾಡು

ವಿದ್ಯಾನಗರ, ಹುಬ್ಬಳ್ಳಿ
೫ ಡಿಸೆಂಬರ್ ೨೦೨೪, ಗುರುವಾರ

ತಮ್ಮಾ ಶಿವಯೋಗೀಶಾ,

ವಿಳಾಸದ ಅಕ್ಷರ ನೋಡಿದ ಕೂಡಲೇ ಯಾರ ಪತ್ರವೆಂದು ಗುರುತು ಹಿಡಿದಿರುತ್ತೀ. ಹರಿದು ಹಾಕಬೇಡ. ಪೂರ್ತಿ ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು. ಮೂವತ್ತೆಂಟು ವರ್ಷದ ಮೇಲೆ ನಿನ್ನ ಅಣ್ಣ ಬರೆಯುತ್ತಿದ್ದಾನೆ. ಮೇಲೆ ‘ಚಿರಂಜೀವಿ’ ಎಂದು ಬರೆಯುವುದು ರೂಢಿ. ಆದರೆ ನಿನ್ನನ್ನು ಹರಸುವ ಅಧಿಕಾರ ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ತಿಳಿಯದೆ ಬಿಟ್ಟಿದ್ದೇನೆ. ಮೊದಲು ನಿನ್ನ ಆರೋಗ್ಯ ಹೇಳು. ಸೊಲ್ಲಾಪುರದಲ್ಲಿ ಚಳಿ ಬಿದ್ದಿದೆಯೇ? ದೀಪಾವಳಿಗೆ ಮುಂಚೆ ಎಡಗಣ್ಣಿನ ಪೊರೆ ತೆಗೆಸಿದೆಯಂತೆ, ಈಗ ಚೆನ್ನಾಗಿ ಕಾಣುತ್ತದೆಯೇ? ನಮ್ಮಿಬ್ಬರಲ್ಲಿ ನಿನ್ನ ಕಣ್ಣೇ ಚೂಪು. ಪರದೆಯ ಮೇಲೆ ಫೋಕಸ್ ಒಂದು ಕೂದಲೆಳೆ ತಪ್ಪಿದರೂ ನನಗಿಂತ ಮೊದಲು ನಿನಗೆ ತಿಳಿಯುತ್ತಿತ್ತು. ವಾಣಿಶ್ರೀಯ ಮಂಡಿನೋವು ಹೇಗಿದೆ? ಇದೆಲ್ಲ ಇವನಿಗೆ ಹೇಗೆ ಗೊತ್ತು ಎಂದು ಹುಬ್ಬು ಏರಿಸಬೇಡ. ನನ್ನ ಮನೆಯಾಕೆ, ನಿನ್ನ ವೈನಿ ಚನ್ನಬಸವ್ವ, ಮತ್ತು ನಿನ್ನ ಹೆಂಡತಿ ವಾಣಿಶ್ರೀ ಎಷ್ಟೋ ವರ್ಷದಿಂದ ಫೋನಿನಲ್ಲಿ ಮಾತಾಡುತ್ತಾರೆ. ಆಗ ನಾನು ಪಕ್ಕದಲ್ಲೇ ಪೇಪರ್ ಹಿಡಿದು ಏನೂ ಕೇಳದವನ ಹಾಗೆ ಕೂತಿರುತ್ತೇನೆ. ಒಮ್ಮೆ ಅವಳು ಫೋನ್ ಇಟ್ಟು, ‘ಪೇಪರ್ ತಲಿಕೆಳಗ ಹಿಡದೀರಿ’ ಎಂದಳು. ನಾನೂ ಫೋನ್ ಮಾಡಬಹುದಿತ್ತು. ಆದರೆ ನನ್ನ ದನಿ ಕೇಳಿ ನೀನು ಇಟ್ಟುಬಿಟ್ಟರೆ ಎರಡನೇ ಸಲ ಮಾಡುವ ಧೈರ್ಯ ನನಗಿಲ್ಲ.

ಈಗ ಸುದ್ದಿ. ಜೋಕಾಲಿ ಹಾಡು ಸಿಕ್ಕಿತು. ಹೌದು, ಅದೇ ಹಾಡು. ಎಲ್ಲಿತ್ತು, ಅಲ್ಲಿ ಯಾರು ಇಟ್ಟರು ಎಂಬುದೂ ಗೊತ್ತಾಯಿತು. ಗೊತ್ತಾಗಿ ಇವತ್ತಿಗೆ ಒಂಬತ್ತು ದಿನ. ಅಂದಿನಿಂದ ನನಗೆ ಊಟ ರುಚಿಸುತ್ತಿಲ್ಲ, ಎಡಗೈಯಿಂದ ಚಹಾದ ಕಪ್ಪು ಜಾರುತ್ತದೆ, ಯಾರಾದರೂ ಕರೆದರೆ ಮೂರನೇ ಸಲಕ್ಕೆ ಓಗೊಡುತ್ತೇನೆ. ಲಕ್ವಾ ಹೊಡೆಯಿತೆಂದು ಹೆದರಿ ಚನ್ನಬಸವ್ವ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಬಿ.ಪಿ. ನೋಡಿ, ‘ಏನರೆ ಶಾಕ್ ಆಗೂವಂಥಾ ಸುದ್ದಿ ಕೇಳೀರೇನ್ರಿ, ಅಜ್ಜಾರ?’ ಎಂದರು. ‘ಇಲ್ರಿ, ಒಂದು ಪಿಕ್ಚರ್ ನೋಡೇನಿ’ ಎಂದೆ. ಅವರು ನಕ್ಕುಬಿಟ್ಟರು. ನಗಲಿ ಬಿಡು, ಅವರಿಗೇನು ಗೊತ್ತು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇಷ್ಟು ವರ್ಷ ನಾನು ಏನನ್ನು ನಂಬಿಕೊಂಡು ಬದುಕಿದೆ ಎಂಬುದು ನಿನಗೆ ತಿಳಿಯಬೇಕು. ೧೯೮೬ರ ಬೇಸಿಗೆ. ಗುರುಸಿದ್ದಯ್ಯನವರ ಟಾಕೀಸಿನಲ್ಲಿ ನಾನು ಆಪರೇಟರ್, ನೀನು ನನ್ನ ಜೋಡಿ. ಆ ಚಿತ್ರಕ್ಕೆ ಅವರಿಟ್ಟ ಹೆಸರು ಏನೇ ಇರಲಿ, ಹುಬ್ಬಳ್ಳಿಯ ಜನಕ್ಕೆ ಅದು ಜೋಕಾಲಿ ಪಿಕ್ಚರ್. ನಾಯಕಿ ಜೋಕಾಲಿಯ ಮೇಲೆ ಕೂತು ಹಾಡುವ ಆ ಐದು ನಿಮಿಷಕ್ಕಾಗಿ ಒಂಬತ್ತು ವಾರ ಮಂದಿ ಮುಗಿಬಿದ್ದು ಬಂದರು. ಹತ್ತನೇ ವಾರದ ಶನಿವಾರ ಅವ್ವ ದವಾಖಾನೆಯಲ್ಲಿ ತೀರಿಕೊಂಡಳು. ಮ್ಯಾಟನಿ ಆಟ ನಡೆದಿತ್ತು. ನಾನು ಓಡಿದೆ, ನೀನು ಮಶೀನಿನ ಮುಂದೆ ಉಳಿದೆ. ನೀನು ಬರುವಷ್ಟರಲ್ಲಿ ಅವ್ವನ ಮುಖದ ಮೇಲೆ ಬಟ್ಟೆ ಹೊದಿಸಿ ಆಗಿತ್ತು. ಮಣ್ಣು ಮಾಡಿ ಬರುವಾಗ ನೀನು ನನ್ನನ್ನು ಒಂದು ಮಾತು ಕೇಳಿದೆ, ನಾನೊಂದು ಉತ್ತರ ಕೊಟ್ಟೆ. ಅದರ ವಿಷಯ ಆಮೇಲೆ ಬರೆಯುತ್ತೇನೆ.

ಹನ್ನೊಂದು ದಿನ ಕಳೆದು ಟಾಕೀಸಿಗೆ ಹೋದರೆ ಗುರುಸಿದ್ದಯ್ಯನವರು ಕೆಂಡವಾಗಿ ಕೂತಿದ್ದರು. ಶನಿವಾರದ ಮ್ಯಾಟನಿಯಿಂದ ಹಾಡು ಮಾಯ. ಹನ್ನೊಂದನೇ ರೀಲಿನಿಂದ ಯಾರೋ ಕತ್ತರಿಸಿ ತೆಗೆದಿದ್ದಾರೆ, ಮಂದಿ ಕುರ್ಚಿ ಮುರಿದಿದ್ದಾರೆ, ಹಂಚಿಕೆದಾರರು ಬೈದು ಪ್ರಿಂಟನ್ನೇ ವಾಪಸು ಒಯ್ದಿದ್ದಾರೆ. ಆ ದಿನ ಕ್ಯಾಬಿನ್ನಿನಲ್ಲಿ ಇದ್ದವರು ನಾವಿಬ್ಬರೇ. ನಿನ್ನ ಟ್ರಂಕು ತೆಗೆದು ನೋಡಿದರೆ ಅದರಲ್ಲಿ ಒಂದು ಡಬ್ಬಿ ತುಂಬ ಫಿಲ್ಮಿನ ತುಂಡುಗಳು. ಹರಿದ ಫಿಲ್ಮಿನ ಚೂರುಗಳನ್ನು ಆಪರೇಟರ್ ಆದವರೆಲ್ಲ ಆಸೆಗೆ ಎತ್ತಿಟ್ಟುಕೊಳ್ಳುತ್ತಾರೆ, ನನ್ನ ಹತ್ತಿರವೂ ಇದ್ದವು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಟಿಕೆಟ್ಟಿನ ಸಾಲು ನಿಂತಿರುವಾಗ, ಗುರುಸಿದ್ದಯ್ಯನವರ ಮುಂದೆ, ಗೇಟ್‌ಕೀಪರ್ ಬಂದೇನವಾಜರ ಮುಂದೆ, ನಿನ್ನ ಕೆನ್ನೆಗೆ ಹೊಡೆದೆ. ‘ಅವ್ವ ಸಾಯಾಕತ್ತಾಗ ಕಳವು ಮಾಡಿದೆಲ್ಲೋ ಖೋಡಿ’ ಎಂದೆ. ನೀನು ಕೆನ್ನೆ ಕೂಡ ಮುಟ್ಟಿಕೊಳ್ಳಲಿಲ್ಲ. ನನ್ನ ಕಣ್ಣನ್ನೇ ನೋಡಿ, ‘ನೆನಪ ಮಾಡ್ಕೋ ಅಣ್ಣಾ’ ಎಂದೆ. ಅಷ್ಟೇ. ಅದನ್ನು ನಾನು ಸೊಕ್ಕು ಎಂದುಕೊಂಡೆ. ಅವ್ವನ ನೆನಪು ಮಾಡಿ ನನ್ನ ಸಿಟ್ಟು ಇಳಿಸಲು ನೋಡುತ್ತಿದ್ದೀ ಎಂದೂ ಅನ್ನಿಸಿತು. ಅವತ್ತು ಸಂಜೆಯ ಗಾಡಿಗೆ ನೀನು ಊರು ಬಿಟ್ಟೆ.

ಈಗ ಪಣಜಿಯ ಕಥೆ. ನಿನ್ನ ಹೆಗಲ ಮೇಲೆ ಕೂತು ಟಾಕೀಸಿಗೆ ಬರುತ್ತಿದ್ದ ನನ್ನ ಮಗ ವಿಶಾಲನಿಗೆ ಈಗ ಕಾಲೇಜಿಗೆ ಹೋಗುವ ಮಗಳಿದ್ದಾಳೆ, ಐಶ್ವರ್ಯಾ. ಧಾರವಾಡದಲ್ಲಿ ಓದುತ್ತಾಳೆ, ಸಿನಿಮಾ ಎಂದರೆ ಹುಚ್ಚು, ಗೆಳತಿಯರ ಜೊತೆ ಸೇರಿ ಒಂದು ಚಿತ್ರಸಂಘ ಬೇರೆ ಕಟ್ಟಿದ್ದಾಳೆ. ಈ ಸಲ ಗೋವೆಯ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ತನ್ನ ಹೆಸರಿನ ಜೊತೆ ನನ್ನ ಹೆಸರನ್ನೂ ಬರೆಸಿಬಿಟ್ಟಳು. ನಾನು ಒಲ್ಲೆ ಎಂದೆ. ‘ಅಜ್ಜಾ, ನೀ ಜೀವನಪೂರ್ತಿ ಮಂದಿಗೆ ಪಿಕ್ಚರ್ ತೋರಿಸಿದಿ. ಒಮ್ಮೆರೆ ಸೀಟಿನಾಗ ಕುಂತು ನೋಡೀಯೇನು?’ ಎಂದಳು. ಯೋಚಿಸಿದರೆ ಖರೆ. ಮೂವತ್ತು ವರ್ಷ ಗೋಡೆಯ ಕಿಂಡಿಯಿಂದಲೇ ನೋಡಿದ್ದು. ಚನ್ನಬಸವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಹೊರಟೆವು.

ಅಲ್ಲಿ ಮೊದಲ ದಿನವೇ ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಕೊರಳಿಗೆ ಫೋಟೋ ಇದ್ದ ಪಾಸು ತೂಗುಹಾಕಿದರು, ಸಂತೆಗೆ ಹೊರಟ ಎತ್ತಿನ ಹಾಗೆ ಕಾಣುತ್ತಿದ್ದೆ. ನನ್ನಷ್ಟೇ ವಯಸ್ಸಿನ ಹೆಂಗಸರು ಕೈಯಲ್ಲಿ ಪಟ್ಟಿ ಹಿಡಿದು, ಯಾವ ಪಿಕ್ಚರ್ ಆದ ಮೇಲೆ ಯಾವುದಕ್ಕೆ ಓಡಬೇಕು ಎಂದು ಪೆನ್ನಿನಿಂದ ಗುರುತು ಹಾಕುತ್ತಿದ್ದರು. ಒಂದು ಗಂಟೆ ಸಾಲಿನಲ್ಲಿ ನಿಂತರೂ ಯಾರೂ ಯಾರನ್ನೂ ನೂಕಲಿಲ್ಲ. ಒಳಗೆ ಶಿಳ್ಳೆ ಇಲ್ಲ, ಬೀಡಿ ಇಲ್ಲ, ಕೂಸಿನ ಅಳು ಇಲ್ಲ. ಒಂದು ಪಿಕ್ಚರಿನಲ್ಲಿ ಒಬ್ಬ ಮುದುಕ ಹತ್ತು ನಿಮಿಷ ಒಂದೇ ಕುದುರೆಯ ಮೈ ತೊಳೆದ. ನಮ್ಮ ಟಾಕೀಸಿನಲ್ಲಾಗಿದ್ದರೆ ಪರದೆಗೆ ಚಪ್ಪಲಿ ಬೀಳುತ್ತಿತ್ತು. ಇಲ್ಲಿ ಜನ ಉಸಿರು ಬಿಗಿಹಿಡಿದು ನೋಡಿದರು. ಎರಡನೆಯ ಪಿಕ್ಚರ್ ಯಾವುದೋ ಚಳಿ ದೇಶದ್ದು. ನಡುವೆ ಏಕಾಏಕಿ ಗಂಡುಹೆಣ್ಣು ಇಬ್ಬರೂ ಮೈಮೇಲೆ ನೂಲೆಳೆಯಿಲ್ಲದೆ ನಿಂತುಬಿಟ್ಟರು, ಅಷ್ಟು ಚಳಿಯಲ್ಲಿ! ಪಕ್ಕದಲ್ಲಿ ಮೊಮ್ಮಗಳು. ನಾನು ನನ್ನ ಚಪ್ಪಲಿಯ ಹೆಬ್ಬೆರಳು ಸಿಕ್ಕಿಸುವ ಉಂಗುಷ್ಟ ಎಣಿಸತೊಡಗಿದೆ. ಎರಡೇ ಇದ್ದವು, ಮತ್ತೆ ಮತ್ತೆ ಎಣಿಸಿದೆ. ಅವಳು ನನ್ನ ಕಿವಿಯಲ್ಲಿ, ‘ಮುಗೀತು, ತಲಿ ಎತ್ತು’ ಎಂದು ನಕ್ಕಳು. ಇನ್ನೊಂದು ಹೇಳುತ್ತೇನೆ. ವಿರಾಮದ ಹೊತ್ತಿನಲ್ಲಿ ಮೇಲಿನ ಕ್ಯಾಬಿನ್ ನೋಡಬೇಕೆನ್ನಿಸಿ ಅಲ್ಲಿಯವರನ್ನು ಕೇಳಿ ಹತ್ತಿ ಹೋದೆ. ಬಾಗಿಲು ತೆರೆದರೆ ಒಳಗೆ ಯಾರೂ ಇಲ್ಲ! ರೀಲಿಲ್ಲ, ಬೆಳಕಿಗೆ ಉರಿಸುವ ಕಾರ್ಬನ್ ಕಡ್ಡಿಯ ಹೊಗೆಯಿಲ್ಲ, ಒಂದು ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಗುಂಯ್ ಎನ್ನುತ್ತಿತ್ತು. ಹೆಣ ಎತ್ತಿದ ಮನೆಗೆ ಹೋದಂತಾಯಿತು. ಸುಮ್ಮನೆ ಇಳಿದು ಬಂದೆ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹಳೆಯ ಚಿತ್ರವೊಂದನ್ನು ದುರಸ್ತಿ ಮಾಡಿ ತೋರಿಸುತ್ತಾರೆ ಎಂದು ಐಶ್ವರ್ಯಾ ಕರೆದೊಯ್ದಳು. ಸೀಟಿನಲ್ಲಿ ಕೂತ ಮೇಲೆ ಅದರ ಹೆಸರು ಕೇಳಿದೆ. ಜೋಕಾಲಿ ಪಿಕ್ಚರ್. ಅವಳಿಗೆ ಏನೂ ಗೊತ್ತಿರಲಿಲ್ಲ. ಆ ಚಿತ್ರದ ಹೆಸರು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎದ್ದು ಹೋಗಬೇಕೆಂದುಕೊಂಡೆ. ಸಾಲಿನ ನಡುವೆ ಸಿಕ್ಕಿಕೊಂಡಿದ್ದೆ, ಎಡಕ್ಕೂ ಬಲಕ್ಕೂ ಜನರ ಮೊಣಕಾಲು. ಅಷ್ಟರಲ್ಲಿ ಚಿತ್ರ ದುರಸ್ತಿ ಮಾಡಿದ ಹೆಣ್ಣುಮಗಳು ಪೂನಮ್ ಎಂಬಾಕೆ ಮೈಕು ಹಿಡಿದು ಇಂಗ್ಲಿಷಿನಲ್ಲಿ ಮಾತು ಸುರುಮಾಡಿದಳು. ಐಶ್ವರ್ಯಾ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ಈ ಚಿತ್ರದ ನೆಗೆಟಿವ್ ಸುಟ್ಟುಹೋಗಿದೆ. ಉಳಿದ ನಾಲ್ಕು ಪ್ರಿಂಟುಗಳಲ್ಲಿ ಒಂದರಲ್ಲೂ ಹಾಡು ನೆಟ್ಟಗಿಲ್ಲ, ಓಡಿ ಓಡಿ ಗೀರುಬಿದ್ದು ಹಾಳಾಗಿದೆ. ಕೊನೆಗೆ ಹುಬ್ಬಳ್ಳಿಯ ಒಂದು ಹಳೆಯ ಗೋದಾಮಿನಲ್ಲಿ ಐದನೇ ಪ್ರಿಂಟು ಸಿಕ್ಕಿತು. ಅದರ ಹನ್ನೊಂದನೇ ರೀಲಿನಲ್ಲಿ ಹಾಡೇ ಇರಲಿಲ್ಲ. ಇನ್ನು ಕೈಬಿಡೋಣ ಎಂದುಕೊಳ್ಳುವಾಗ ಕಟ್ಟಕಡೆಯ ರೀಲು ಬಿಚ್ಚಿದೆವು. ‘ಶುಭಂ’ ಎಂಬ ಅಕ್ಷರ ಬಂದು ಹೋದ ಮೇಲೆ, ಯಾರೂ ನೋಡದ ಬಾಲದಲ್ಲಿ, ಪೂರ್ತಿ ಹಾಡು ಜೋಡಿಸಿತ್ತು! ಅಲ್ಲಿಗೆ ಸೇರಿದ ಮೇಲೆ ಒಂದು ಸಲವೂ ಓಡದ್ದರಿಂದ ಅಷ್ಟೂ ವರ್ಷ ಹೆಚ್ಚು ಗೀರುಬೀಳದೆ ಉಳಿದಿತ್ತು. ಕಳ್ಳರ ಕೈಗೆ ಸಿಗಬಾರದೆಂದು ಯಾರೋ ಜಾಣ ಆಪರೇಟರ್ ಅದನ್ನು ಅಲ್ಲಿ ಬಚ್ಚಿಟ್ಟಿರಬೇಕು. ಆ ಹೆಸರಿಲ್ಲದ ಮನುಷ್ಯನಿಗೆ ನಮ್ಮ ನಮಸ್ಕಾರ. ಇಷ್ಟು ಹೇಳಿ ಅವಳು ಕೈಮುಗಿದಳು. ಸಭಾಗೃಹ ಚಪ್ಪಾಳೆಯಿಂದ ತುಂಬಿಹೋಯಿತು. ಆಗಲೂ, ನಾನು ಎಂಥ ಮೂಢ ನೋಡು, ಒಂದು ಕ್ಷಣ ‘ಶಿವ್ಯಾ ಕದ್ದು ಅಲ್ಲಿ ಮುಚ್ಚಿಟ್ಟಿದ್ದನೇನು’ ಎಂದುಕೊಂಡೆ.

ಆಮೇಲೆ ಪರದೆಯ ಮೇಲೆ ದುರಸ್ತಿಗೆ ಮುಂಚಿನ ತುಂಡನ್ನು ತೋರಿಸಿದರು. ಹಾಡಿನ ಮೊಟ್ಟಮೊದಲ ಚೌಕಟ್ಟು, ನಿಲ್ಲಿಸಿದ ಚಿತ್ರ, ಗೋಡೆಯಷ್ಟು ದೊಡ್ಡದು. ಬಲಗಡೆ ಮೇಲಿನ ಮೂಲೆಯಲ್ಲಿ ಸೂಜಿಯಿಂದ ಕೆರೆದ ಮೂರು ಅಡ್ಡಗೆರೆ. ಇದು ಏನೆಂದು ನಮಗೆ ಅರ್ಥವಾಗಲಿಲ್ಲ, ಹಾಡಿನ ಕೊನೆಗೂ ಹೀಗೇ ಇದೆ, ಎಂದಳು ಪೂನಮ್. ಐಶ್ವರ್ಯಾ, ‘ಅಜ್ಜಾ, ವಿಭೂತಿ ಕಂಡಂಗ ಐತಲ್ಲ!’ ಎಂದಳು. ವಿಭೂತಿಯೇ. ರೀಲು ಬದಲಿಸುವ ಗುರುತಿಗೆ ಊರೂರಿನ ಆಪರೇಟರರು ತಮ್ಮದೇ ಒಂದು ಗೀಟು ಹಾಕುತ್ತಿದ್ದರು. ನಾನು ಪ್ರತಿ ಪಾಳಿಗೂ ಮಶೀನಿಗೆ ಕೈಮುಗಿದು ಹಣೆಗೆ ವಿಭೂತಿ ಹಚ್ಚಿಕೊಳ್ಳುವವನು, ಗುರುತಿಗೂ ಅದನ್ನೇ ಕೆರೆಯುತ್ತಿದ್ದೆ. ನಿನ್ನದು ಚುಕ್ಕೆ. ಆಟದ ಹೊತ್ತು ಕಡಿಮೆ ಮಾಡಲು ಏನಾದರೂ ಕತ್ತರಿಸಿದರೆ, ಮತ್ತೆ ಜೋಡಿಸುವಾಗ ತಲೆ ಯಾವುದು ಬಾಲ ಯಾವುದು ತಿಳಿಯಲೆಂದು ಎರಡೂ ತುದಿಗೆ ಮೂರು ಗೆರೆ ಹಾಕುವುದು ನನ್ನ ಪದ್ಧತಿ. ಹಾಗೆ ಮಾಡುವವರು ಜಗತ್ತಿನಲ್ಲಿ ಮತ್ತೊಬ್ಬರಿಲ್ಲ. ಕೆಳಗಿನ ಗೆರೆ ಸ್ವಲ್ಪ ಗಿಡ್ಡ, ನನ್ನ ಕೈಯ ವಾಲು ಅದು.

ತಮ್ಮಾ, ಆಗ ನನಗೆ ಆದದ್ದನ್ನು ಹೇಗೆ ಬರೆಯಲಿ? ಮೂವತ್ತೆಂಟು ವರ್ಷ ಆ ಶನಿವಾರದಿಂದ ನನಗೆ ನೆನಪಿದ್ದದ್ದು ಫಿನೈಲು ನಾರುವ ದವಾಖಾನೆ ಒಂದೇ, ಕ್ಯಾಬಿನ್ನಿನಲ್ಲಿ ಮಾಡಿದ್ದಲ್ಲ. ಆ ಮೂರು ಗೆರೆ ನೋಡಿದ್ದೇ ಎಲ್ಲ ಬಂದುಬಿಟ್ಟಿತು. ಕರೆಂಟು ಹೋಗಿ ಮ್ಯಾಟನಿ ಅರ್ಧ ತಾಸು ತಡವಾಗಿತ್ತು. ವಿರಾಮ ಮುಗಿದಿತ್ತು. ಬಂದೇನವಾಜರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ‘ಅವ್ವಾರಿಗೆ ಭಾಳ ಆಗೇತ್ರಿ, ಲಗೂ ನಡೀರಿ’ ಎಂದರು. ಉರಿಯುವ ಮಶೀನು ಬಿಟ್ಟು ಇಬ್ಬರೂ ಹೋಗುವಂತಿರಲಿಲ್ಲ. ‘ಅಣ್ಣಾ, ನೀ ಹೋಗು, ನಾ ಮುಗಿಸಿ ಬರ್ತೇನಿ’ ಎಂದೆ ನೀನು, ಕಣ್ಣಲ್ಲಿ ನೀರು ತುಂಬಿಕೊಂಡು. ನನಗೆ ಸಂಕಟವಾಯಿತು. ಐದು ನಿಮಿಷ ಮೊದಲು ಬಂದರೂ ಇವನಿಗೆ ಅವ್ವ ಸಿಕ್ಕಾಳು ಎಂದು ಕತ್ತರಿ ತೆಗೆದೆ. ಹನ್ನೊಂದನೇ ರೀಲು ಮೇಜಿನ ಮೇಲಿತ್ತು. ಹಾಡು ಕತ್ತರಿಸಿದೆ, ಎರಡು ತುದಿಗೂ ಗೀಟು ಎಳೆದೆ. ಬಿಡಿ ಫಿಲ್ಮು ಮಶೀನಿನ ಹತ್ತಿರ ಇದ್ದರೆ ಕಿಡಿ ಬಿದ್ದು ಬೆಂಕಿ ಎದ್ದೀತೆಂದು ಪಕ್ಕದಲ್ಲಿದ್ದ ಕೊನೆಯ ರೀಲಿನ ಬಾಲಕ್ಕೆ ಅಂಟಿಸಿ ಸುತ್ತಿಬಿಟ್ಟೆ. ನೀನು ಮಶೀನಿನ ಕಡೆಗೆ ಮುಖಮಾಡಿ ಬೆಳಕು ಸರಿಮಾಡುತ್ತಲೇ, ‘ಹಾಡು ಎಲ್ಲಿ ಇಟ್ಟಿ ಅಣ್ಣಾ?’ ಎಂದೆ. ‘ನನಗ ಗೊತ್ತೈತಿ ಬಿಡು, ನೀ ಲಗೂ ಬಾ’ ಎಂದು ಮೆಟ್ಟಿಲು ಇಳಿದೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ನನ್ನ ತಲೆಯಿಂದಲೂ ಇಳಿದು ಹೋಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನು ಹುಡುಕಲೂ ಇಲ್ಲ, ನಿನ್ನನ್ನು ಹೊಡೆದೆ.

‘ಈ ಪಿಕ್ಚರ್ ನಮ್ಮ ಟಾಕೀಸಿನಾಗ ಓಡಿತ್ತು’ ಎಂದು ನನ್ನ ಬಾಯಿಂದ ಬಂತು, ಐಶ್ವರ್ಯಾ ಅದನ್ನು ಸಂತೋಷ ಎಂದುಕೊಂಡಳು. ಕೈಯೆತ್ತಿ, ನಮ್ಮ ಅಜ್ಜ ಹುಬ್ಬಳ್ಳಿಯಲ್ಲಿ ಆಪರೇಟರ್ ಆಗಿದ್ದರು, ಈ ಪಿಕ್ಚರ್ ಅಲ್ಲೇ ಓಡಿತ್ತು ಎಂದು ಕೂಗಿಯೇಬಿಟ್ಟಳು. ಐನೂರು ಮಂದಿ ತಿರುಗಿದರು. ಯಾರೋ ಮೈಕು ತಂದು ಕೈಗಿಟ್ಟರು. ನಾನು ಎದ್ದು ನಿಂತೆ, ಟೋಪಿ ತೆಗೆದೆ. ‘ಈ ಹಾಡು ಕತ್ತರಿಸಿದಾಂವ ನಾನ್ರಿ. ಹೊಡತ ತಿಂದಾಂವ ನನ್ನ ತಮ್ಮ. ಅವನ ಹೆಸರು ಶಿವಯೋಗೀಶ. ಅಂವ ಕಳ್ಳ ಅಲ್ರಿ’ ಎಂದೆ. ಅಲ್ಲಿ ಎಷ್ಟು ಜನಕ್ಕೆ ಕನ್ನಡ ಬರಬೇಕು? ಪೂನಮ್ ವೇದಿಕೆಯಿಂದ, ಅಜ್ಜ ಏನು ಹೇಳಿದರು ಎಂದು ಕೇಳಿದಳು. ಐಶ್ವರ್ಯಾ ತಬ್ಬಿಬ್ಬಾಗಿದ್ದಳು. ನಿನ್ನ ಹೆಸರನ್ನು ಅವಳು ನನ್ನ ಬಾಯಿಂದ ಕೇಳಿದ್ದು ಅದೇ ಮೊದಲು. ಗಾಬರಿಯಲ್ಲಿ, ಹಾಡನ್ನು ಉಳಿಸಿದವರು ಇವರು ಮತ್ತು ಇವರ ತಮ್ಮ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳಂತೆ. ಐನೂರು ಮಂದಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಕೆಲವರು ಕಣ್ಣು ಒರೆಸಿಕೊಂಡರು. ಜನ್ಮದಲ್ಲಿ ಒಮ್ಮೆ ಬಾಯಿಬಿಟ್ಟು ತಪ್ಪು ಒಪ್ಪಿಕೊಂಡರೆ ಅದಕ್ಕೂ ಶಾಬಾಸ್ ಎಂದರಲ್ಲೋ ತಮ್ಮಾ! ‘ಹಂಗಲ್ರಿ, ಹಂಗಲ್ರಿ’ ಎನ್ನುತ್ತಿದ್ದೆ. ದೀಪ ಆರಿತು, ಪಿಕ್ಚರ್ ಸುರುವಾಯಿತು.

ಹಾಡು ಬಂತು. ನಿನ್ನಾಣೆ, ಅದನ್ನು ಅಷ್ಟು ಚೊಕ್ಕಟವಾಗಿ ನಾನು ಎಂದೂ ನೋಡಿರಲಿಲ್ಲ. ಜೋಕಾಲಿ ಮುಂದೆ ಬಂದಾಗ ಅವಳ ಮೂಗುತಿಯ ಹರಳು ಹೊಳೆಯುತ್ತಿತ್ತು. ಪಕ್ಕದವರೆಲ್ಲ ನಗುಮುಖದಿಂದ ನೋಡುತ್ತಿದ್ದರು, ನಾನು ಬಾಯಿಗೆ ಟವೆಲ್ಲು ಒತ್ತಿ ಹಿಡಿದುಕೊಂಡಿದ್ದೆ. ಯಾಕೆಂದರೆ ಆ ಐದು ನಿಮಿಷದಲ್ಲಿ ಇನ್ನೊಂದು ಲೆಕ್ಕ ನನಗೆ ಹೊಳೆಯಿತು. ಅವತ್ತು ಈ ಹಾಡು ಬರದಿದ್ದಾಗ ಮಂದಿ ಕುರ್ಚಿ ಮುರಿದರು, ಗುರುಸಿದ್ದಯ್ಯನವರು ನಿನ್ನನ್ನು ಕ್ಯಾಬಿನ್ನಿನಲ್ಲೇ ತಡೆದು ಹಾಡು ಹುಡುಕಿಸಿದರು. ನೀನು ಬಿಡಿಸಿಕೊಂಡು ಬರುವಾಗ ಒಂದು ತಾಸು ತಡ. ನೀನು ಐದು ನಿಮಿಷ ಮೊದಲು ಬರಲಿ ಎಂದು ನಾನು ಮಾಡಿದ ಕೆಲಸವೇ ನಿನ್ನನ್ನು ಒಂದು ತಾಸು ಹಿಡಿದು ನಿಲ್ಲಿಸಿತು. ಅವ್ವನ ಮುಖ ನಿನಗೆ ತಪ್ಪಿಸಿದವನೂ ನಾನೇ. ಇದನ್ನು ನೀನು ಆ ದಿನದಿಂದಲೇ ಬಲ್ಲೆ. ಗುರುಸಿದ್ದಯ್ಯನವರ ಮುಂದೆ ಒಂದೇ ಒಂದು ಮಾತು ಆಡಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ವಿಶಾಲ ಆಗ ಎಂಟು ವರ್ಷದವನು. ಅದಕ್ಕೇ ನೀನು ಆಡಲಿಲ್ಲ. ಪಿಕ್ಚರ್ ಮುಗಿದು ‘ಶುಭಂ’ ಬಂತು. ನಾನು ಏಳಹೋದೆ, ಯಾರೂ ಏಳಲಿಲ್ಲ. ಕೆಲಸಮಾಡಿದವರ ಹೆಸರೆಲ್ಲ ಬಂದು, ಪರದೆ ಪೂರಾ ಕಪ್ಪಾಗುವವರೆಗೆ ಅಲ್ಲಿ ಜನ ಕೂತೇ ಇರುತ್ತಾರೆ. ನಮ್ಮ ಹುಬ್ಬಳ್ಳಿಯ ಮಂದಿ ಹಾಗೆ ಎರಡು ನಿಮಿಷ ಕೂತಿದ್ದರೆ, ನೀನು ಮಶೀನಿನ ದೀಪ ಆರಿಸದೆ ಬಾಲವನ್ನೂ ಓಡಿಸುತ್ತಿದ್ದೆ, ಹಾಡು ಅವತ್ತೇ ಕಾಣುತ್ತಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಐಶ್ವರ್ಯಾಳಿಗೆ ಎಲ್ಲ ಹೇಳಿದೆ. ಯಲ್ಲಾಪುರ ದಾಟುವಾಗ ಅವಳು, ‘ಸಣ್ಣಜ್ಜ ಅಷ್ಟು ದಿವಸ ಸುಮ್ಮನ ಹೆಂಗ ಇದ್ನೋ?’ ಎಂದಳು. ಮನೆಯಲ್ಲಿ ಚನ್ನಬಸವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಮೂರನೆಯ ದಿನ ಹಳೇಹುಬ್ಬಳ್ಳಿಗೆ ಬಂದೇನವಾಜರನ್ನು ಹುಡುಕಿಕೊಂಡು ಹೋದೆ. ಮಗನ ಸೈಕಲ್ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಾರೆ, ಕಿವಿ ಮಂದ, ನೆನಪು ನನಗಿಂತ ಗಟ್ಟಿ. ‘ಹಾಡು ನಾನ ಕತ್ತರಿಸಿದ್ನಿರಿ’ ಎಂದು ಕೂಗಿ ಹೇಳಿದೆ, ಬೀದಿಗೆಲ್ಲ ಕೇಳಿತು. ‘ಶಿವ್ಯಾ ಗಾಡಿ ಹತ್ತೂ ಮುಂದ ನನ್ನ ಕೈ ಹಿಡದು ಒಂದ ಮಾತು ಹೇಳಿದ್ದರಿ. ಅಣ್ಣಾಗ ನೆನಪಾದ ದಿವಸ ನನಗೊಂದು ಕಾಗದ ಹಾಕ್ರಿ ಚಾಚಾ, ಅಂದಿದ್ದ. ಏನು, ಎಂತು ಹೇಳಲಿಲ್ಲ. ಮೂವತ್ತೆಂಟು ವರ್ಷ ಆತು, ನಾ ದಾರಿ ನೋಡಾಕತ್ತೇನಿ’ ಎಂದರು. ನಾನು ಅಲ್ಲೇ, ಅವರ ಸ್ಟೂಲಿನ ಪಕ್ಕದಲ್ಲಿ, ಟಯರುಗಳ ನಡುವೆ ಕೂತುಬಿಟ್ಟೆ. ಅವರು ಚಹಾ ತರಿಸಿದರು. ‘ನಾ ಯಾಕ ಬರೀಲಿ, ನೀವ ಬರೀರಿ’ ಎಂದರು. ಅದಕ್ಕೆ ಈ ಕಾಗದ.

ಈಗ ನನ್ನ ಬೇಡಿಕೆ. ಸಂಕ್ರಮಣದ ಹಿಂದಿನ ರವಿವಾರ, ಜನವರಿ ಹನ್ನೆರಡಕ್ಕೆ, ಐಶ್ವರ್ಯಾಳ ಚಿತ್ರಸಂಘದವರು ಧಾರವಾಡದಲ್ಲಿ ಅದೇ ಪಿಕ್ಚರ್ ತೋರಿಸುತ್ತಾರೆ. ಪೂನಮ್ ಒಪ್ಪಿದ್ದಾಳೆ. ಬೆಳಿಗ್ಗೆ ಹತ್ತಕ್ಕೆ ಸುರು. ಅದಕ್ಕೆ ಮೊದಲು ನಾನು ಮೈಕು ಹಿಡಿಯುತ್ತೇನೆ. ಪಣಜಿಯಲ್ಲಿ ಹೇಳಿದ ಮಾತನ್ನೇ ಹೇಳುತ್ತೇನೆ. ಧಾರವಾಡದ ಮಂದಿಗೆ ಕನ್ನಡ ಬಿಡಿಸಿ ಹೇಳುವವರು ಬೇಕಿಲ್ಲ. ಗುರುಸಿದ್ದಯ್ಯನವರು ಇಲ್ಲ, ಅವರ ಮಗನನ್ನು ಕರೆದಿದ್ದೇನೆ. ಬಂದೇನವಾಜರು ರಿಕ್ಷಾ ಮಾಡಿಕೊಂಡು ಬರುತ್ತಾರೆ. ಅವತ್ತು ಟಿಕೆಟ್ಟಿನ ಸಾಲಿನಲ್ಲಿ ನಿಂತು ನೋಡಿದವರಲ್ಲಿ ಯಾರು ಬದುಕಿದ್ದಾರೋ ಅವರನ್ನೆಲ್ಲ ಹುಡುಕುತ್ತಿದ್ದೇನೆ, ಇಲ್ಲಿಯವರೆಗೆ ಮೂವರು ಸಿಕ್ಕಿದ್ದಾರೆ. ನೀನು ಬರಲೇಬೇಕೆಂದು ಹೇಳುವ ಬಾಯಿ ನನಗಿಲ್ಲ. ಬಂದರೆ ಮೂರನೇ ಸಾಲಿನಲ್ಲಿ ಎರಡು ಸೀಟು ಹಿಡಿದಿಟ್ಟಿರುತ್ತೇನೆ, ಅಲ್ಲಿಂದ ಫೋಕಸ್ ಚೆನ್ನಾಗಿ ತಿಳಿಯುತ್ತದೆ. ಬರದಿದ್ದರೂ ನಾನು ಹೇಳುವುದು ಹೇಳಿಯೇ ಹೇಳುತ್ತೇನೆ.

ವಾಣಿಶ್ರೀಗೆ ನನ್ನ ಆಶೀರ್ವಾದ ತಿಳಿಸು, ಅವಳಿಗಾದರೂ ಕೊಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ನಿನ್ನ ವೈನಿ ನಿಮ್ಮಿಬ್ಬರಿಗೂ ಗುರೆಳ್ಳು ಚಟ್ನಿ ಕಳಿಸುತ್ತಾಳಂತೆ, ನೀನು ಬಂದರೆ ಕೈಯಲ್ಲೇ ಕೊಡುತ್ತಾಳೆ. ಕಣ್ಣಿಗೆ ಔಷಧದ ಹನಿ ತಪ್ಪಿಸಬೇಡ. ನೆನಪು ಮಾಡಿಕೋ ಎಂದಿದ್ದೆಯಲ್ಲ, ಆಯಿತು ತಮ್ಮಾ. ತಡವಾಯಿತು, ಆದರೆ ಆಯಿತು.

ನಿನ್ನ ಅಣ್ಣ,
ಮಡಿವಾಳಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮಣ್ಣು ಮಾಡಿ ಬರುವಾಗ ನೀನು ಕೇಳಿದ್ದು, ‘ಅವ್ವ ನನ್ನ ಕೇಳಿದ್ಲೇನು ಅಣ್ಣಾ?’ ಎಂದು. ನಾನು ಇಲ್ಲ ಎಂದೆ. ನೀನು ಬರಲಿಲ್ಲವೆಂಬ ಸಿಟ್ಟಿನಲ್ಲಿ ಹೇಳಿದ ಸುಳ್ಳು ಅದು. ಹಾಡನ್ನು ಮರೆತಿದ್ದೆ, ಈ ಸುಳ್ಳನ್ನು ಒಂದು ದಿನವೂ ಮರೆತಿಲ್ಲ. ಇದನ್ನು ಮೈಕಿನಲ್ಲಿ ಹೇಳಲಾರೆ, ನಿನಗೊಬ್ಬನಿಗೇ ಹೇಳುತ್ತೇನೆ. ಅವ್ವ ಕೊನೆಗೆ ಕೇಳಿದ್ದು ನಿನ್ನನ್ನೇ. ಕಣ್ಣು ತೆರೆದು, ‘ಸಣ್ಣಾಂವ ಎಲ್ಲಿ?’ ಎಂದಳು. ‘ಆಟ ನಡದೈತಿ ಅವ್ವಾ, ಮಶೀನ್ ಮುಂದ ಅದಾನ’ ಎಂದೆ. ಅವಳು ಸಿಟ್ಟಾಗಲಿಲ್ಲ, ನಕ್ಕಳು. ‘ಹಂಗಾರ ಅವನ್ನ ಅವಸರ ಮಾಡಬ್ಯಾಡ, ಮಂದಿ ಕುಂತಿರತಾರ. ಮುಗಿಸ್ಕೊಂಡ ಬರ್ಲಿ’ ಎಂದು ಕಣ್ಣು ಮುಚ್ಚಿದಳು.